ಎಂಟು ತೋಳಿನ ಹಿಡಿತ: ಪಾಲಿನೇಷ್ಯಾದ ಕಡಲ ಕಥನದಲ್ಲಿ ಆಕ್ಟೋಪಸ್

ನ್ಯೂಜಿಲೆಂಡಿನ ಎರಡು ದೊಡ್ಡ ದ್ವೀಪಗಳ ನಡುವಿನ ಕುಕ್ ಜಲಸಂಧಿ ಬಲು ಕಿರಿದಾದ ಜಾಗದಲ್ಲಿ ಸುಮಾರು 22 ಕಿಲೋಮೀಟರ್ ಅಗಲವಿದೆ. ಒಂದು ಬದಿಗೆ ಪೆಸಿಫಿಕ್ ಸಾಗರ, ಇನ್ನೊಂದು ಬದಿಗೆ ಟಾಸ್ಮನ್ ಸಮುದ್ರ. ಈ ಕಡೆ ಉಬ್ಬರವಿದ್ದಾಗ ಆ ಕಡೆ ಹೆಚ್ಚುಕಡಿಮೆ ಇಳಿತ. ಹಾಗಾಗಿ ನೀರು ಅತ್ತಿಂದಿತ್ತ ನುಗ್ಗುತ್ತಲೇ ಇರುತ್ತದೆ. ಗಾಳಿಯೂ ಜೊತೆಗೂಡಿದರೆ ಇಂದಿನ ದೊಡ್ಡ ಫೆರಿ ಹಡಗುಗಳೂ ಬಂದರಿನಲ್ಲೇ ಕಾಯಬೇಕಾಗುತ್ತದೆ. ಮಾವೋರಿ ಜನ ರೌಕಾವಾ ಎಂದು ಕರೆಯುವ ಈ ನೀರಿನಲ್ಲಿ ಕುಪೆ ಎಂಬ ನಾವಿಕ ಒಂದು ದೈತ್ಯ ಆಕ್ಟೋಪಸ್ಸನ್ನು ಕೊಂದ ಎನ್ನುತ್ತದೆ ಅವರ ಪರಂಪರೆ. ಕಥೆ ಹುಟ್ಟುವುದು ಮಾತ್ರ ಅಲ್ಲಿಂದ ಬಹುದೂರ, ಪೂರ್ವಜರ ನಾಡಾದ ಹವಾಯಿಕಿಯಲ್ಲಿ. ಹುಟ್ಟಿಗೆ ಕಾರಣವೂ ತೀರಾ ಸಣ್ಣ ತಕರಾರು: ಮೀನುಗಾರರ ಗಾಳದ ಎರೆ ಕಳವಾಗುತ್ತಿತ್ತು.

ಕಳ್ಳನೆಂದರೆ ಮುತುರಂಗಿ ಎಂಬಾತ ಸಾಕಿಕೊಂಡಿದ್ದ ಆಕ್ಟೋಪಸ್. ಅದನ್ನು ಹದ್ದುಬಸ್ತಿನಲ್ಲಿಡು ಎಂದು ಕುಪೆ ಕೇಳಿದ. ಮುತುರಂಗಿ ಕಿವಿಗೊಡಲಿಲ್ಲ. ಹಾಗಾದರೆ ಕೊಂದೇ ತೀರುತ್ತೇನೆಂದು ಕುಪೆ ಮಾತಾಹೌರುವಾ ಎಂಬ ದೋಣಿಯಲ್ಲಿ ಹೆಂಡತಿ ಮಕ್ಕಳೊಡನೆ ಹೊರಟ. ಇನ್ನೊಂದು ದೋಣಿಯಲ್ಲಿ ಗೆಳೆಯ ನ್ಗಾಕೆ. ಓಡಿದ ಪ್ರಾಣಿಯ ಬೆನ್ನು ಹತ್ತಿ ಅವರು ಇಡೀ ಸಾಗರವನ್ನು ದಾಟಿದರು, ಯಾರೂ ಕಾಣದಿದ್ದ ನಾಡನ್ನು ಕಂಡರು. ಉತ್ತರ ದ್ವೀಪದ ಪೂರ್ವ ಕರಾವಳಿಯಲ್ಲಿ, ಇಂದಿನ ಕ್ಯಾಸಲ್‌ಪಾಯಿಂಟಿನ ಗವಿಯೊಂದರಲ್ಲಿ ಆಕ್ಟೋಪಸ್ ಅಡಗಿತ್ತಂತೆ. ಅಲ್ಲಿಂದಲೂ ತಪ್ಪಿಸಿಕೊಂಡು ಜಲಸಂಧಿ ಸೇರಿತು. ಕೊನೆಗೆ ಕುಪೆ ಸೋರೆಬುರುಡೆಗಳನ್ನು ನೀರಿಗೆಸೆದ. ಮನುಷ್ಯರ ತಲೆಯೆಂದು ಬಗೆದು ಪ್ರಾಣಿ ಅವುಗಳನ್ನು ತಬ್ಬಿಕೊಂಡಿತು. ತೋಳುಗಳು ಹಾಗೆ ಸಿಕ್ಕಿಕೊಂಡಿದ್ದಾಗ ಅದರ ತಲೆಗೆ ಪೆಟ್ಟು ಬಿತ್ತು. ಆ ಪೆಟ್ಟಿನ ನೆನಪು ಅರಪಾವಾ ದ್ವೀಪದ ಹೆಸರಿನಲ್ಲಿದೆ. ಹರಿದ ನೆತ್ತರು ಟೋರಿ ಕಾಲುವೆಯ ಮಾವೋರಿ ಹೆಸರಿನಲ್ಲಿ ಕೆಂಪು ಸೆಳವಾಗಿ ಉಳಿದಿದೆ. ಅದರ ಕಣ್ಣುಗಳೇ ಇಂದು ಬ್ರದರ್ಸ್ ಎನಿಸಿಕೊಳ್ಳುವ ಬಂಡೆದ್ವೀಪಗಳು, ಮಾವೋರಿಯಲ್ಲಿ ನ್ಗಾ ಫತು. ಮೊದಲ ಸಲ ಜಲಸಂಧಿ ದಾಟುವವರು ಆ ಬಂಡೆಗಳನ್ನು ನೋಡಕೂಡದೆಂದು ಅವರ ಕಣ್ಣಿಗೆ ಎಲೆಯ ಮರೆ ಕಟ್ಟುತ್ತಿದ್ದರು. ನೋಡಿದರೆ ಗಾಳಿಯೆದ್ದು ದೋಣಿ ಮುಳುಗೀತೆಂಬ ಭಯ.

ಪಾಲಿನೇಷ್ಯಾದ ಆಕ್ಟೋಪಸ್ ಕಥೆಗಳಲ್ಲಿ ನನ್ನ ಮಟ್ಟಿಗೆ ಇದೇ ಶ್ರೇಷ್ಠ. ಕಾರಣ ಅದರ ಸಾಹಸವಲ್ಲ, ಅದು ನೀರಿಗೆ ಅಂಟಿಕೊಂಡಿರುವ ಬಗೆ. ಎರೆ ಕದಿಯುವ ಪ್ರಾಣಿ ಯಾವ ಮೀನುಗಾರನಿಗೂ ಗೊತ್ತು. ಖಾಲಿ ಚಿಪ್ಪು, ಬುರುಡೆ, ಏನು ಸಿಕ್ಕಿದರೂ ಅಪ್ಪಿ ಹಿಡಿಯುವ ಅದರ ಸ್ವಭಾವವೂ ಗೊತ್ತು. ನಾಲ್ಕು ಕಡೆಯಿಂದ ದೋಣಿಯನ್ನು ಎಳೆಯುವ ರೌಕಾವಾದ ಸೆಳವಂತೂ ಅಲ್ಲಿ ಹುಟ್ಟು ಹಾಕಿದವರ ರಟ್ಟೆಗೇ ಗೊತ್ತು. ಈ ಮೂರು ತಿಳಿವಳಿಕೆಗಳು ಒಂದರೊಳಗೊಂದು ಹೆಣೆದುಕೊಂಡು ಕಥೆಯಾಗಿವೆ. ಆಕ್ಟೋಪಸ್ಸನ್ನು ಇಲ್ಲಿ ‘ಸಂಕೇತ’ ಎಂದುಬಿಟ್ಟರೆ ಅರ್ಧ ಮಾತು ಬಿಟ್ಟುಹೋಗುತ್ತದೆ. ಅದು ಎಚ್ಚರಿಕೆಯೂ ಹೌದು, ದಾರಿಯ ನಕ್ಷೆಯೂ ಹೌದು. ಕಥೆ ಬಲ್ಲ ನಾವಿಕನಿಗೆ ಯಾವ ಬಂಡೆ ಎಲ್ಲಿದೆ, ಎಲ್ಲಿ ನೀರಿನ ಬಣ್ಣ ಬದಲಾಗುತ್ತದೆ, ಎಲ್ಲಿ ಮಾತು ನಿಲ್ಲಿಸಿ ಹುಟ್ಟಿನ ಮೇಲೆ ಗಮನವಿಡಬೇಕು ಎಂಬುದು ಬಾಯಿಪಾಠವಾಗಿರುತ್ತಿತ್ತು.

ಈ ಪರಂಪರೆಯನ್ನು ಅಳೆಯಲು ನಾನು ಬಳಸುವ ಕೋಲು ಇದೇ. ಆಕ್ಟೋಪಸ್ ಎಲ್ಲೆಲ್ಲಿ ಗಾಳ, ಹಸಿವು, ಹವಳದಿಬ್ಬ, ಸೆಳವುಗಳ ಸಂಬಂಧ ಉಳಿಸಿಕೊಂಡಿದೆಯೋ ಅಲ್ಲೆಲ್ಲ ಕಥೆ ಬದುಕಿದೆ. ಅವುಗಳಿಂದ ಬಿಡಿಸಿ ಬರಿಯ ಗೂಢವಾಗಿ, ಲಾಂಛನವಾಗಿ ಮೇಲೆತ್ತಿದ ಕಡೆ ಅದು ಒಣಗಿದೆ.

ಗಾಳದ ಮಾತೇ ಬಂತಾದ್ದರಿಂದ ಟೋಂಗಾದ ಇಲಿಯ ಕಥೆಯನ್ನು ನೋಡಬೇಕು. ದೋಣಿ ಮುಳುಗಿ ನೀರುಪಾಲಾದ ಇಲಿಯನ್ನು ಆಕ್ಟೋಪಸ್ ತಲೆಯ ಮೇಲೆ ಹೊತ್ತು ದಡ ಮುಟ್ಟಿಸುತ್ತದೆ. ಇಲಿ ದಾರಿಯುದ್ದಕ್ಕೂ ಆ ತಲೆಯ ಮೇಲೇ ಹೇತು, ದಡ ಹತ್ತಿದ ಮೇಲೆ ತಲೆ ಮುಟ್ಟಿ ನೋಡಿಕೋ ಎಂದು ನಗುತ್ತದೆ. ಅಂದಿನಿಂದ ಆಕ್ಟೋಪಸ್ಸಿಗೆ ಇಲಿಯೆಂದರೆ ಕೋಪ. ಇಲಿಯಂಥದ್ದು ಕಂಡರೆ ಸಾಕು, ಮೇಲೆರಗುತ್ತದೆ. ಟೋಂಗಾದಲ್ಲಿ ಮಕಫೆಕೆ ಎನ್ನುವ ಸಾಧನವಿದೆ: ಕಲ್ಲಿನ ಮೈ, ಬೆನ್ನಿಗೆ ಕವಡೆಯ ಚಿಪ್ಪು, ಹಿಂದಕ್ಕೆ ಬಾಲದ ಹಾಗೆ ಚಾಚಿದ ಕಡ್ಡಿ. ನೀರಿನಲ್ಲಿ ಕುಣಿಸಿದರೆ ಇಲಿಯೇ ಈಜಿದಂತೆ. ಆಕ್ಟೋಪಸ್ ಬಂದು ತಬ್ಬುತ್ತದೆ, ದೋಣಿಗೆ ಎಳೆಯುವವರೆಗೂ ಬಿಡುವುದಿಲ್ಲ. ಗಿಫರ್ಡ್ 1924ರಲ್ಲಿ ಪ್ರಕಟಿಸಿದ ಟೋಂಗಾ ಕಥೆಗಳ ಸಂಗ್ರಹದಲ್ಲಿ ಇದು ಸೇರಿದೆ. ಸಮೋವಾ, ತುವಾಲುಗಳಲ್ಲೂ ಇದರ ರೂಪಗಳಿವೆ. ಕವಡೆ ಕಟ್ಟಿದ ಗಾಳ ಹವಾಯಿಯಲ್ಲೂ ಇದೆ, ಆದರೆ ಅಲ್ಲಿ ಇಲಿಯ ಆಕಾರಕ್ಕೆ ಅಷ್ಟು ಮಹತ್ವವಿಲ್ಲ, ಕವಡೆಯ ಬಣ್ಣವೇ ಮುಖ್ಯ. ಮಕ್ಕಳ ಕಥೆಯೆಂದು ಸಂಗ್ರಾಹಕರು ಇದನ್ನು ಬದಿಗಿಡುವುದುಂಟು. ಅದು ಅನ್ಯಾಯ. ಉಪಕಾರ ಮಾಡಿ ಅವಮಾನಿತನಾದವನ ಸಿಟ್ಟು ಅವನನ್ನೇ ಕೊಲ್ಲುತ್ತದೆ ಎಂಬ ಕಹಿಯಾದ ಅರಿವು ಇದರೊಳಗಿದೆ. ಇಲಿಗೆ ಶಿಕ್ಷೆಯಿಲ್ಲ, ಸಾಯುವುದು ಆಕ್ಟೋಪಸ್ಸೇ. ಕಥೆ ಕೇಳಿದ ಹುಡುಗ ನಾಳೆ ಅದೇ ಗಾಳ ಹಿಡಿದು ಕಡಲಿಗಿಳಿಯುತ್ತಾನೆ, ಆ ಅನ್ಯಾಯದ ಫಲವನ್ನು ಉಣ್ಣುವವನು ತಾನೇ ಎಂದು ತಿಳಿದು. ತೆಂಗಿನಹಾಲಿನಲ್ಲಿ ಬೆಂದ ಆಕ್ಟೋಪಸ್ ಟೋಂಗಾ, ಸಮೋವಾಗಳಲ್ಲಿ ಇಂದಿಗೂ ಎಲ್ಲರ ಮೆಚ್ಚಿನ ಊಟ.

ಹಿಡಿದದ್ದನ್ನು ಬಿಡದಿರುವುದು ಟೋಂಗಾದಲ್ಲಿ ಆ ಪ್ರಾಣಿಯ ಮುಳುವಾದರೆ, ಪಶ್ಚಿಮದ ಗಡಿಯಾದ ಫಿಜಿಯಲ್ಲಿ ಅದೇ ಅದರ ಗೆಲುವು. ದಕುವಾಂಗ ಎಂಬ ಶಾರ್ಕ್ ದೇವರು ದ್ವೀಪಗಳನ್ನೊಂದೊಂದಾಗಿ ಗೆಲ್ಲುತ್ತ ಕಂದವು ದ್ವೀಪಕ್ಕೆ ಬಂದಾಗ ಕಾವಲಿಗಿದ್ದ ಆಕ್ಟೋಪಸ್ ನಾಲ್ಕು ತೋಳುಗಳಿಂದ ಹವಳವನ್ನು ಕಚ್ಚಿ ಹಿಡಿದು, ಉಳಿದ ನಾಲ್ಕರಿಂದ ಅವನನ್ನು ಬಿಗಿಯಿತು. ಕಂದವುವಿನ ಜನಕ್ಕೆ ಎಂದೂ ಕೇಡು ಮಾಡೆನೆಂದು ಮಾತು ಕೊಟ್ಟಮೇಲೆಯೇ ಶಾರ್ಕಿಗೆ ಬಿಡುಗಡೆ. ನೆಲಕ್ಕೆ ಅರ್ಧ, ಶತ್ರುವಿಗೆ ಅರ್ಧ ಎಂದು ತೋಳುಗಳನ್ನು ಹಂಚಿಕೊಂಡ ಈ ಚಿತ್ರ ಸ್ಥಳೀಯರ ಬಲದ ಬಗ್ಗೆ ಎಷ್ಟನ್ನೋ ಹೇಳುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಮಾವೋರಿ ಗಾದೆಯೊಂದು ಆಕ್ಟೋಪಸ್ಸಿನಂತೆ ಸಾಯಬೇಡ, ಶಾರ್ಕಿನಂತೆ ಸಾಯಿ ಎನ್ನುತ್ತದೆ. ಆಕ್ಟೋಪಸ್ ಬೇಗ ಮೆತ್ತಗಾಗುತ್ತದೆ, ಶಾರ್ಕ್ ದೋಣಿಗೆ ಬಿದ್ದ ಮೇಲೂ ಒದೆಯುತ್ತದೆ. ಎರಡೂ ಕಣ್ಣಾರೆ ಕಂಡ ಮಾತುಗಳೇ. ಪಾಲಿನೇಷ್ಯಾದಲ್ಲಿ ಆಕ್ಟೋಪಸ್ಸಿಗೆ ಒಂದೇ ಅರ್ಥ ಹುಡುಕುವವರು ಇವೆರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳುವುದು ಒಳ್ಳೆಯದು.

ಸಮೋವಾದಲ್ಲಿ ಅದು ದೇವರು. ಫೆಎ ಯುದ್ಧದೇವತೆಯಾಗಿ ಪೂಜೆ ಪಡೆಯುತ್ತಿದ್ದುದನ್ನು ಮಿಷನರಿ ಜಾರ್ಜ್ ಟರ್ನರ್ 1884ರ ಪುಸ್ತಕದಲ್ಲಿ ವಿವರಿಸಿದ್ದಾನೆ. (ಅವನೂ ಆ ಕಾಲದ ಇತರರೂ ಆಕ್ಟೋಪಸ್ಸನ್ನು ಕಟ್ಲ್‌ಫಿಶ್ ಎಂದೇ ಬರೆಯುತ್ತಾರೆ, ಹಳೆಯ ಪುಸ್ತಕಗಳಲ್ಲಿ ಈ ಪ್ರಾಣಿಯನ್ನು ಹುಡುಕುವವರು ಅದನ್ನು ಮರೆಯಬಾರದು.) ಯಾವ ಮನೆತನದ ದೇವರು ಯಾವ ಪ್ರಾಣಿಯಲ್ಲಿ ನೆಲೆಸಿದ್ದಾನೋ ಆ ಮನೆತನ ಆ ಪ್ರಾಣಿಯನ್ನು ತಿನ್ನುವಂತಿಲ್ಲ, ನೆರೆಮನೆಯವರು ಮಾತ್ರ ನಿಶ್ಚಿಂತೆಯಿಂದ ತಿನ್ನಬಹುದು. ಅಪಿಯಾ ಪಟ್ಟಣದ ಹಿಂದಿನ ಬೆಟ್ಟಗಾಡಿನಲ್ಲಿ, ಕಡಲಿನಿಂದ ದೂರ, ಕಪ್ಪುಕಲ್ಲಿನ ಕಂಬಗಳ ಪಾಳು ರಚನೆಯೊಂದಿದೆ: ಫಲೆ ಓ ಲೆ ಫೆಎ, ಅಂದರೆ ಆಕ್ಟೋಪಸ್ಸಿನ ಮನೆ. ಮಣ್ಣು ಮರದ ನಾಡಿನಲ್ಲಿ ಕಲ್ಲಿನ ಕಟ್ಟಡ, ಕಡಲಪ್ರಾಣಿಗೆ ಕಾಡಿನ ಕಣಿವೆಯಲ್ಲಿ ಮನೆ. ದೇವರು ಕಡಲಿನಿಂದ ಹೊರಟು ಕಣಿವೆಯ ತನಕ ಕೈಚಾಚಿದ ಎಂದು ಇದನ್ನು ಓದಬಹುದು. ಹಾಗೆ ಓದಲು ಧೈರ್ಯ ಕೊಡುವ ಸಂಗತಿಯೆಂದರೆ, ಸಮೋವಾದವರ ಪಾತಾಳಕ್ಕೂ ಅದೇ ಫೆಎಯ ಹೆಸರಿತ್ತು ಎಂಬುದು. ಆದರೆ ಈ ದೇವರ ಬಗ್ಗೆ ನಮಗೆ ದೊರೆತಿರುವುದು ಬಹುಪಾಲು ಅದರ ಪೂಜೆಯನ್ನು ನಿಲ್ಲಿಸಲು ಬಂದವರ ಬರಹದಿಂದ. ಟರ್ನರ್ ಶ್ರದ್ಧೆಯ ವರದಿಗಾರ, ಆದರೂ ಅವನಿಗೆ ಫೆಎ ಮುಗಿದುಹೋದ ಕತ್ತಲೆಯ ಒಂದು ವಿವರ. ಭಕ್ತನ ದನಿ ಅವನ ಪುಟಗಳಲ್ಲಿ ಕೇಳಿಸುವುದಿಲ್ಲ.

ತಾಹಿತಿಗೆ ಬಂದರೆ ಕಲ್ಪನೆಯ ಅಳತೆಯೇ ಬೇರೆ. ತೆಉಯಿರಾ ಹೆನ್ರಿ ತನ್ನ ಅಜ್ಜ, ಮಿಷನರಿ ಆರ್ಸ್ಮಂಡ್ ಬರೆದಿಟ್ಟ ಟಿಪ್ಪಣಿಗಳಿಂದ ಕಟ್ಟಿದ ಪ್ರಾಚೀನ ತಾಹಿತಿಯ ಗ್ರಂಥ 1928ರಲ್ಲಿ, ಅವಳು ತೀರಿಕೊಂಡ ಮೇಲೆ, ಹೊರಬಂತು. ಅದರಲ್ಲಿ ಸೃಷ್ಟಿಯ ಮೊದಲಲ್ಲಿ ಆಕಾಶ ಭೂಮಿಗೆ ಒತ್ತಿಕೊಂಡಿದೆ. ಹಾಗೆ ಒತ್ತಿ ಹಿಡಿದಿರುವುದು ತುಮು-ರಾಯಿ-ಫೆನುವಾ ಎಂಬ ಮಹಾ ಆಕ್ಟೋಪಸ್. ದಿಕ್ಕುದಿಕ್ಕಿಗೆ ತೋಳು ಚಾಚಿ ಎರಡನ್ನೂ ಬಿಗಿದಿದೆ. ಮಂತ್ರಬಲದಿಂದ ಅದನ್ನು ಕೊಂದ ಮೇಲೂ ಹಿಡಿತ ಸಡಿಲಲಿಲ್ಲ ಎನ್ನುವಲ್ಲಿ ನಾನು ಪ್ರತಿ ಸಲವೂ ನಿಲ್ಲುತ್ತೇನೆ. ಸತ್ತ ಆಕ್ಟೋಪಸ್ಸಿನ ತೋಳಿನ ಹೀರುಬಟ್ಟಲುಗಳು ಕೈಗೆ ಅಂಟಿಕೊಳ್ಳುವುದನ್ನು ಕಂಡವರಲ್ಲದೆ ಬೇರೆ ಯಾರೂ ಈ ಸಾಲನ್ನು ಕಟ್ಟಲಾರರು. ಆಕಾಶವನ್ನು ಮೇಲೆತ್ತಿ ಬೆಳಕಿಗೆ ಜಾಗ ಮಾಡಲು ಆಮೇಲೆ ಬೇರೆ ವೀರರೇ ಬರಬೇಕಾಯಿತು. ಇಲ್ಲಿ ಆಕ್ಟೋಪಸ್ ಶತ್ರುವೆಂದು ಹೇಳಲಾಗದು. ಅದು ಜಗತ್ತಿನ ಮೊದಲ ಕಟ್ಟು. ಬಿಚ್ಚದೆ ಬದುಕಿಲ್ಲ, ಆದರೆ ಅದಿಲ್ಲದೆ ಎರಡನ್ನು ಒಂದಾಗಿ ಹಿಡಿದವರು ಯಾರೂ ಇರಲಿಲ್ಲ. ಯುರೋಪಿನ ಕಡಲ ಸಾಹಿತ್ಯದಲ್ಲಿ ಇಂಥ ಎರಡು ಮುಖದ ಆಕ್ಟೋಪಸ್ ನನಗೆ ಸಿಕ್ಕಿಲ್ಲ. ವಿಕ್ಟರ್ ಹ್ಯೂಗೋ 1866ರ ಕಾದಂಬರಿಯಲ್ಲಿ ಚಿತ್ರಿಸಿದ ಪ್ರಾಣಿ ಅದ್ಭುತ, ಆದರೆ ಅದು ಬರಿಯ ಭೀತಿ.

ತಾಹಿತಿಯ ಪೂರ್ವಕ್ಕಿರುವ ತುವಾಮೊತು ದ್ವೀಪಗಳಲ್ಲಿ ರೋಂಗೊ-ತುಮು-ಹೆರೆ ಎಂಬ ರಾಕ್ಷಸ ಆಕ್ಟೋಪಸ್ ಹಿನಾ ಎಂಬ ಹೆಣ್ಣನ್ನು ಕಡಲ ತಳಕ್ಕೆ ಒಯ್ಯುತ್ತದೆ. ಅವಳ ಗಂಡನ ಕಡೆಯವರು ಗಾಳ ಹಾಕಿ ಅದನ್ನು ಮೇಲೆಳೆದು, ತೋಳುಗಳನ್ನೊಂದೊಂದಾಗಿ ಕತ್ತರಿಸಿದಾಗ ತಲೆಯೊಳಗಿಂದ ಹಿನಾ ಲೋಳೆ ಮೆತ್ತಿಕೊಂಡು ಹೊರಬರುತ್ತಾಳೆ. ಕುಕ್ ದ್ವೀಪಗಳ ಐತುತಾಕಿಯಲ್ಲಿ ರಾತಾ ಎಂಬ ನಾಯಕನ ದೋಣಿಯನ್ನು ಮೊದಲು ದೈತ್ಯ ಚಿಪ್ಪು, ಆಮೇಲೆ ಆಕ್ಟೋಪಸ್, ಕೊನೆಗೆ ತಿಮಿಂಗಿಲ ಅಡ್ಡಗಟ್ಟುತ್ತವೆ. ಕಾಪಾಡುವವನು ನ್ಗನವೊವಾ. ಬೇಡವೆಂದರೂ ಬಿಡದೆ ಸೋರೆಬುರುಡೆಯೊಳಗೆ ಕೂತು ತೇಲಿಬಂದು ದೋಣಿ ಹತ್ತಿದವನು. ವಿಲಿಯಂ ವ್ಯಾಟ್ ಗಿಲ್ 1876ರಲ್ಲಿ ಅಚ್ಚುಮಾಡಿದ ಈ ಕಥೆಯ ಬುರುಡೆಗೂ ಕುಪೆ ಎಸೆದ ಬುರುಡೆಗೂ ನೇರ ಸಂಬಂಧವಿದೆಯೆಂದು ನಾನು ವಾದಿಸುವುದಿಲ್ಲ. ಆದರೆ ಮುಳುಗದ ಬುರುಡೆ ಮತ್ತು ಬಿಡದ ತೋಳು ಎದುರುಬದುರಾಗುವುದು ಎರಡು ಕಡೆಯೂ ಇದೆ. ತೂತಾಗದ ಪಾತ್ರೆಯೇ ಪ್ರಾಣವಾಗಿದ್ದ ಜನರ ಕಲ್ಪನೆ ಅದು. ತುವಾಮೊತು, ಐತುತಾಕಿಗಳ ಈ ಎರಡು ಕಥೆಗಳಲ್ಲೂ ಆಕ್ಟೋಪಸ್ ಕತ್ತರಿಸಿಕೊಳ್ಳಲೆಂದೇ ಬರುತ್ತದೆ. ರಾತಾನ ಕಥೆಯಲ್ಲಂತೂ ತಿಮಿಂಗಿಲದ ಹೊಟ್ಟೆಗೆ ಹೋಗುವ ದಾರಿಯ ಒಂದು ಮೆಟ್ಟಿಲು ಮಾತ್ರ. ಎರೆ ಕದ್ದ, ಸಾಕಿದವನಿದ್ದ, ಅಡಗಲು ಗವಿಯಿದ್ದ ಕುಪೆಯ ಆಕ್ಟೋಪಸ್ಸಿಗಿರುವ ಮೈಕಟ್ಟು ಇವಕ್ಕಿಲ್ಲ.

ಇನ್ನು ಹವಾಯಿ. ಅಲ್ಲಿನ ಪ್ರಸಿದ್ಧ ಸೃಷ್ಟಿಗೀತೆ ಕುಮುಲಿಪೊದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಾಲುಗಳಿವೆ, ಹದಿನಾರು ಕಾಲಘಟ್ಟಗಳಿವೆ. ರಾಜ ಕಲಾಕಾವಾ 1889ರಲ್ಲಿ ಅದರ ಪಠ್ಯವನ್ನು ಅಚ್ಚುಮಾಡಿಸಿದ. ಅವನ ತಂಗಿ, ಪದಚ್ಯುತ ರಾಣಿ ಲಿಲಿಉಓಕಲಾನಿ, 1895ರಲ್ಲಿ ತನ್ನದೇ ಅರಮನೆಯಲ್ಲಿ ಸೆರೆಯಾಗಿದ್ದಾಗ ಅದರ ಇಂಗ್ಲಿಷ್ ಅನುವಾದಕ್ಕೆ ಕೈಹಾಕಿದಳು. ಅದು 1897ರಲ್ಲಿ ಪ್ರಕಟವಾಯಿತು. ಹವಳದ ಹುಳುವಿನಿಂದ ಮೊದಲಾಗಿ ಒಂದೊಂದೇ ಜೀವ ಕತ್ತಲಲ್ಲಿ ಹುಟ್ಟುತ್ತ ಹೋಗುವ, ಕಡಲಿನ ಪ್ರತಿ ಪ್ರಾಣಿಗೆ ನೆಲದ ಒಂದು ಗಿಡವನ್ನು ಕಾವಲಿಗಿಡುವ ಈ ಗೀತೆ ಕೊನೆಗೆ ಮುಟ್ಟುವುದು ಒಬ್ಬ ಅರಸುಮಗುವಿನ ಹುಟ್ಟಿಗೆ. ಎಂಟನೆಯ ಕಾಲದಲ್ಲಿ, ಮನುಷ್ಯರೂ ದೇವರೂ ಒಟ್ಟಿಗೆ ಹುಟ್ಟುವಲ್ಲಿ, ಕನಲೋವಾ ದೇವರನ್ನು ಆಕ್ಟೋಪಸ್ ಎಂದು ಕರೆಯಲಾಗಿದೆ. ಹವಾಯಿಯವರ ನಂಬಿಕೆಯಲ್ಲಿ ಒಂದು ದೇವರಿಗೆ ಹಲವು ಒಡಲು. ಕನಲೋವಾನ ಒಡಲುಗಳಲ್ಲಿ ಆಕ್ಟೋಪಸ್ಸೂ ಒಂದು. ರೋಗ ಬಿಡಿಸುವ ವಿಧಿಯಲ್ಲಿ ಅದನ್ನು ಬಳಸುತ್ತಿದ್ದರು. ಅವರ ನುಡಿಯಲ್ಲಿ ಹೇಎ ಎಂದರೆ ಆ ಪ್ರಾಣಿಯೂ ಹೌದು, ಜಾರಿ ಓಡುವುದೂ ಹೌದು. ರೋಗವೂ ಹಾಗೆ ಜಾರಿ ಹೋಗಲೆಂದು ಕನಲೋವಾನಿಗೆ ಮೊರೆ.

ಹೊರಜಗತ್ತಿಗೆ ತಲುಪಿರುವ ಹವಾಯಿಯ ಆಕ್ಟೋಪಸ್ ಮಾತ್ರ ಇದಲ್ಲ. ಹಿಂದಿನ ಲೋಕವೊಂದು ನಾಶವಾದಾಗ ಉಳಿದುಕೊಂಡ ಏಕಮಾತ್ರ ಜೀವವೇ ಆಕ್ಟೋಪಸ್ ಎಂದು ಹವಾಯಿಯವರು ನಂಬುತ್ತಾರೆ ಎಂಬ ಮಾತು ಪ್ರಾಣಿವಿಜ್ಞಾನದ ಜನಪ್ರಿಯ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಅನ್ಯಗ್ರಹದ ಬಣ್ಣವನ್ನೂ ಬಳಿದದ್ದಾಗಿದೆ. ಇದರ ಮೂಲ ರೋಲಂಡ್ ಡಿಕ್ಸನ್ 1916ರಲ್ಲಿ ಬರೆದ ಓಷಿಯಾನಿಯಾ ಪುರಾಣಗಳ ಸಂಪುಟದ ಒಂದು ವಾಕ್ಯ. ಜರ್ಮನ್ ವಿದ್ವಾಂಸ ಬಾಸ್ಟಿಯನ್ 1881ರಲ್ಲಿ ಪ್ರಕಟಿಸಿದ ಕುಮುಲಿಪೊದ ವಿವರಣೆಯನ್ನು ಸಂಗ್ರಹಿಸಿ ಹೇಳುವಾಗ, ಎಲ್ಲವನ್ನೂ ನೋಡುತ್ತ ಈಜುವ ಹಳೆಯ ಲೋಕದ ಒಂಟಿ ಉಳಿಕೆಯೆಂದು ಡಿಕ್ಸನ್ ಆಕ್ಟೋಪಸ್ಸನ್ನು ವರ್ಣಿಸುತ್ತಾನೆ. ವಾಕ್ಯ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಅದು ಹಾಡುಗಾರನ ವಾಕ್ಯವಲ್ಲ, ಸಾರಾಂಶ ಬರೆದವನ ವಾಕ್ಯ. ಅಷ್ಟೇ ಅಲ್ಲ, ಗೀತೆಯ ಸ್ವಭಾವಕ್ಕೇ ಅದು ಎದುರು. ಕುಮುಲಿಪೊ ಮೂಲತಃ ವಂಶಾವಳಿ. ಅಲ್ಲಿ ಎಲ್ಲವೂ ಹುಟ್ಟುತ್ತದೆ, ಹುಟ್ಟಿದ್ದಕ್ಕೆಲ್ಲ ನಂಟಿದೆ, ನಂಟಿಲ್ಲದ ನೋಟಕ ಎಂಬುವವನಿಗೆ ಜಾಗವೇ ಇಲ್ಲ. ಹವಳ, ಹುಳ, ಮೀನು, ಅರಸು ಎಲ್ಲರನ್ನೂ ಒಂದು ಬಳ್ಳಿಯಲ್ಲಿ ಕಟ್ಟಿದ ಹಾಡಿನಿಂದ ಒಂದು ಪ್ರಾಣಿಯನ್ನು ಕಿತ್ತು ಪರಲೋಕದ ಅಪರಿಚಿತನನ್ನಾಗಿ ಮಾಡುವುದು ಹವಾಯಿಯ ಯೋಚನೆಯಲ್ಲ, ಅದನ್ನು ದೂರದಿಂದ ನೋಡಿದವರ ಯೋಚನೆ. ಮಾರ್ಥಾ ಬೆಕ್‌ವಿತ್ 1951ರಲ್ಲಿ ಮೂಲಪಠ್ಯದೊಡನೆ ಮಾಡಿದ ಅನುವಾದ, ವ್ಯಾಖ್ಯಾನಗಳು ಕೈಗೆ ಸಿಗುವಂತಿರುವಾಗಲೂ ಡಿಕ್ಸನ್ನನ ಒಂದು ಸಾಲೇ ಗೆದ್ದಿರುವುದು ನನಗೆ ನೋವಿನ ವಿಷಯ.

ಕುಪೆಯ ಕಥೆಗೂ ಇಂಥದ್ದೇ ಒಂದು ಗ್ರಹಚಾರ ಬಂದಿತ್ತು. ಎಸ್. ಪರ್ಸಿ ಸ್ಮಿತ್ ಮಾವೋರಿ ಹಸ್ತಪ್ರತಿಗಳನ್ನು ಆಧರಿಸಿ 1913 ಮತ್ತು 1915ರಲ್ಲಿ ಪ್ರಕಟಿಸಿದ ಸಂಪುಟಗಳಿಂದ ಈ ಕಥೆಯ ವಿಸ್ತಾರವಾದ ರೂಪ ಹೆಸರಾಯಿತು. ಪೀಳಿಗೆಗಳನ್ನು ಎಣಿಸಿ ಅವನು ಕುಪೆಯ ಆಗಮನಕ್ಕೆ ಕ್ರಿ.ಶ. 925 ಎಂದು ವರ್ಷವನ್ನೂ ಗೊತ್ತುಮಾಡಿದ. ಶಾಲೆಯ ಮಕ್ಕಳು ಅದನ್ನು ಚರಿತ್ರೆಯೆಂದೇ ಕಲಿತರು. 1976ರಲ್ಲಿ ಡೇವಿಡ್ ಸಿಮನ್ಸ್ ಮೂಲಗಳನ್ನು ಬಿಡಿಸಿ ನೋಡಿ, ಆ ಕಾಲಗಣನೆಗೂ ಹೊಂದಿಸಿ ಕಟ್ಟಿದ ಆ ನಿರೂಪಣೆಗೂ ಬುಡವಿಲ್ಲವೆಂದು ತೋರಿಸಿದ. ಹಾಗೆಂದು ಆಕ್ಟೋಪಸ್ಸೂ ಕೊಚ್ಚಿಹೋಯಿತೆ? ಇಲ್ಲ. ಅರಪಾವಾ, ನ್ಗಾ ಫತು, ಕ್ಯಾಸಲ್‌ಪಾಯಿಂಟಿನ ಗವಿ ಇವು ಸ್ಮಿತ್ತನ ಪುಸ್ತಕದಲ್ಲಿ ಹುಟ್ಟಿದವಲ್ಲ, ಅಲ್ಲಿ ಬದುಕಿದ ಜನರ ಬಾಯಲ್ಲಿದ್ದವು. ವರ್ಷ ಬಿತ್ತು, ಬಂಡೆಗಳು ನಿಂತವು. ನೆಲಕ್ಕೂ ನೀರಿಗೂ ಅಂಟಿದ ಕಥೆ ವಿದ್ವತ್ತಿನ ತಪ್ಪನ್ನೂ ತಾಳಿಕೊಳ್ಳುತ್ತದೆ ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಕಳೆದ ಅರ್ಧ ಶತಮಾನದಲ್ಲಿ ಆಕ್ಟೋಪಸ್ಸಿನ ಪಾತ್ರ ಬದಲಾಗಿದೆ. ಕೊಲ್ಲಬೇಕಾದ ಪ್ರಾಣಿ ಕೂಡಿಸುವ ಪ್ರಾಣಿಯಾಗಿದೆ. ಇದಕ್ಕೆ ಮೊದಲ ನಿದರ್ಶನ ರಾಯಿಯಾತಿಯಾ ದ್ವೀಪದ ತಪುತಪುವಾತೆಯಾ. ಕಡಲಂಚಿನ ಈ ಕಲ್ಲುಕಟ್ಟೆಯ ದೇವಾಲಯ ಪೂರ್ವ ಪಾಲಿನೇಷ್ಯಾದ ಪವಿತ್ರ ಕೇಂದ್ರ. ದೊಡ್ಡ ಆಕ್ಟೋಪಸ್ಸಿನ ತಲೆ ಇಲ್ಲಿದೆ, ತೋಳುಗಳು ಹವಾಯಿ, ರಾಪಾ ನುಯಿ, ನ್ಯೂಜಿಲೆಂಡುಗಳವರೆಗೆ ಚಾಚಿವೆ ಎಂಬ ಚಿತ್ರ ಈಗ ಎಲ್ಲೆಡೆ ಕಾಣುತ್ತದೆ. ಮಾವೋರಿ ವಿದ್ವಾಂಸ ತೆ ರಂಗಿ ಹಿರೋವಾ, ಹೊರಗಿನವರಿಗೆ ಪೀಟರ್ ಬಕ್, 1938ರ ತನ್ನ ಪುಸ್ತಕದಲ್ಲಿ ಇದೇ ಜಾಗವನ್ನು ಚಕ್ರದ ಗುಂಬವೆಂದೂ ವಲಸೆಯ ದಾರಿಗಳನ್ನು ಅರೆಕಾಲುಗಳೆಂದೂ ಕಂಡಿದ್ದ. 1976ರಲ್ಲಿ ಹೋಕುಲೆಯಾ ದೋಣಿ ಉಪಕರಣಗಳಿಲ್ಲದೆ, ನಕ್ಷತ್ರ ಮತ್ತು ಅಲೆಗಳನ್ನು ಓದುತ್ತ ಹವಾಯಿಯಿಂದ ತಾಹಿತಿ ಮುಟ್ಟಿತು. 1995ರಲ್ಲಿ ಹವಾಯಿ, ಕುಕ್ ದ್ವೀಪಗಳು, ನ್ಯೂಜಿಲೆಂಡಿನ ದೋಣಿಗಳು ತಪುತಪುವಾತೆಯಾದಲ್ಲಿ ಕೂಡಿ ಹಳೆಯ ಹತ್ಯೆಯೊಂದರಿಂದ ಬಿದ್ದಿದ್ದ ನಿಷೇಧವನ್ನು ವಿಧಿಪೂರ್ವಕ ತೆಗೆದವು. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಕ್ಷೆಯ ಮೇಲಿನ ಈ ಆಕ್ಟೋಪಸ್ಸಿಗೆ ಇನ್ನೊಂದು ಅವಳಿಯಿದೆ. 1877ರಲ್ಲಿ ಫ್ರೆಡ್ ರೋಸ್ ಬರೆದ ವ್ಯಂಗ್ಯನಕ್ಷೆಯಲ್ಲಿ ರಷ್ಯಾ ಒಂದು ಆಕ್ಟೋಪಸ್. ನೆರೆಯ ದೇಶಗಳ ಕುತ್ತಿಗೆಗೆ ತೋಳು ಸುತ್ತಿದೆ. ಅಂದಿನಿಂದ ಯುರೋಪು, ಅಮೆರಿಕಗಳ ಪತ್ರಿಕೆಗಳಲ್ಲಿ ಸಾಮ್ರಾಜ್ಯ, ಬಂಡವಾಳ, ಪಿತೂರಿ ಯಾವುದನ್ನು ಬೈಯಬೇಕಾದರೂ ಇದೇ ಚಿತ್ರ. ಅದೇ ದಶಕಗಳಲ್ಲಿ ಪಾಲಿನೇಷ್ಯಾವನ್ನು ಫ್ರಾನ್ಸ್, ಬ್ರಿಟನ್, ಜರ್ಮನಿ, ಅಮೆರಿಕ, ಚಿಲಿ ಹಂಚಿಕೊಂಡವು. ಆ ಗೆರೆಗಳು ಇಂದಿಗೂ ಪೂರಾ ಅಳಿಸಿಲ್ಲ. ತುವಾಮೊತುವಿನ ಮೊರುರೋವಾ ಮತ್ತು ಅದರ ನೆರೆಯ ಹವಳದ್ವೀಪದಲ್ಲಿ ಫ್ರಾನ್ಸ್ 1966ರಿಂದ 1996ರವರೆಗೆ ಅಣ್ವಸ್ತ್ರ ಸ್ಫೋಟಿಸಿತು. ರಾಯಿಯಾತಿಯಾದಿಂದ ಹೊರಟ ಎಂಟು ತೋಳುಗಳು ಈ ಎಲ್ಲ ಗೆರೆಗಳನ್ನು ದಾಟುತ್ತವೆ. ಯುರೋಪಿನ ವ್ಯಂಗ್ಯಚಿತ್ರಕಾರನಿಗೆ ಕಬಳಿಕೆಯಾಗಿ ಕಂಡ ಚಿತ್ರವೇ ಇಲ್ಲಿ ಕಬಳಿಕೆಯನ್ನು ಅಲ್ಲಗಳೆಯುವ ಚಿತ್ರ. ಲೇಖಕ ಎಪೆಲಿ ಹೌಓಫಾ 1993ರ ಪ್ರಬಂಧದಲ್ಲಿ ನಮ್ಮದು ದೂರದೂರದ ಪುಟ್ಟ ನೆಲಗಳಲ್ಲ, ದ್ವೀಪಗಳು ತುಂಬಿದ ಒಂದೇ ಕಡಲು ಎಂದು ವಾದಿಸಿದ್ದು ಈ ನಕ್ಷೆಗೆ ಸಿಕ್ಕ ಅತ್ಯುತ್ತಮ ವ್ಯಾಖ್ಯಾನ, ಅವನು ಆಕ್ಟೋಪಸ್ಸಿನಿಂದ ಆರಂಭಿಸದಿದ್ದರೂ. ಆದರೂ ನನಗೊಂದು ಆತಂಕವಿದೆ. ತಲೆ ಎಂದೊಡನೆ ಉಳಿದವರು ಕೈಕಾಲಾಗುತ್ತಾರೆ. ಟೋಂಗಾ, ಸಮೋವಾಗಳಲ್ಲಿ ಜನ ನೆಲೆಸಿದ್ದು ರಾಯಿಯಾತಿಯಾಕ್ಕಿಂತ ಎಷ್ಟೋ ಶತಮಾನ ಮೊದಲು. ಅವರನ್ನು ತೋಳಿನ ತುದಿಯಾಗಿಸುವ ನಕ್ಷೆ ಪೂರ್ವ ಪಾಲಿನೇಷ್ಯಾದ ಹೆಮ್ಮೆಯೇ ಹೊರತು ಇಡೀ ಸಾಗರದ ನೆನಪಲ್ಲ. ಗಾಳ, ಎರೆ, ಸೆಳವು ಯಾವುದೂ ಇಲ್ಲದ ಈ ಆಕ್ಟೋಪಸ್ ಪ್ರವಾಸಿ ಭಿತ್ತಿಪತ್ರಕ್ಕೆ ಸುಲಭವಾಗಿ ಒಗ್ಗಿಬಿಡುತ್ತದೆ. ದೋಣಿಗಳು ನಿಜವಾಗಿ ಬಂದು ಸೇರಿದಾಗ ಮಾತ್ರ ಅದಕ್ಕೆ ಜೀವ.

ಎರಡನೆಯ ನಿದರ್ಶನ ರಂಗಿಮಾರಿಯೆ ರೋಸ್ ಪೇರೆ. ತೂಹೊಯಿ ಎಂಬ ಮಾವೋರಿ ಬುಡಕಟ್ಟಿನ ಈ ಶಿಕ್ಷಕಿ 1980ರ ದಶಕದಲ್ಲಿ ರೂಪಿಸಿ 1991ರಲ್ಲಿ ಪುಸ್ತಕವಾಗಿಸಿದ ‘ತೆ ಫೆಕೆ’, ಅಂದರೆ ಆಕ್ಟೋಪಸ್, ಇಂದು ನ್ಯೂಜಿಲೆಂಡಿನ ಆರೋಗ್ಯ, ಶಿಕ್ಷಣ ಕ್ಷೇತ್ರಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾದರಿ. ತಲೆ ಎಂದರೆ ಕುಟುಂಬ. ಕಣ್ಣು ಎಂದರೆ ಒಟ್ಟು ಕ್ಷೇಮ. ಆತ್ಮದ ನಂಟು, ತನ್ನತನ, ಪ್ರತಿಯೊಂದರಲ್ಲಿರುವ ಪ್ರಾಣಶಕ್ತಿ, ಬಂಧುತ್ವ, ದೇಹ, ಮನಸ್ಸು, ಭಾವನೆಯನ್ನು ಹೊರಹಾಕುವ ಬಗೆ, ಹಿರಿಯರಿಂದ ಬಂದ ಉಸಿರು ಇವು ಎಂಟು ತೋಳು. ಅದೇ ಹೊತ್ತಿಗೆ ಮೇಸನ್ ಡ್ಯೂರಿ ನಾಲ್ಕು ಗೋಡೆಯ ಮನೆಯ ಮಾದರಿಯನ್ನು ಮುಂದಿಟ್ಟಿದ್ದ. ಕಚೇರಿಗಳಿಗೆ ಮನೆಯೇ ಅನುಕೂಲ: ಗೋಡೆಗಳನ್ನು ಎಣಿಸಬಹುದು. ಪೇರೆಯ ಆಕ್ಟೋಪಸ್ಸಿನಲ್ಲಿ ತೋಳುಗಳು ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ಹೇಳಲಾಗದು. ಒಂದೊಂದು ತೋಳಿನ ಬಟ್ಟಲುಗಳು ಆ ತೋಳಿನ ನಾನಾ ಮುಖಗಳು. ಆಕ್ಟೋಪಸ್ಸಿನ ನರಕೋಶಗಳಲ್ಲಿ ಹೆಚ್ಚಿನ ಪಾಲು ಇರುವುದು ಅದರ ತೋಳುಗಳಲ್ಲೇ ಎಂದು ಜೀವವಿಜ್ಞಾನ ಹೇಳುತ್ತದೆ. ತೋಳು ತಾನೂ ಯೋಚಿಸುತ್ತದೆ ಎಂಬ ಈ ತಿಳಿವಿಗೆ ಪೇರೆಯ ಚಿತ್ರ ತಾನಾಗಿ ಹೊಂದುತ್ತದೆ.

ಮಾವೋರಿ ಪಾರಂಪರಿಕ ವೈದ್ಯರನ್ನು 1907ರ ಕಾಯಿದೆಯೊಂದು ಅಪರಾಧಿಗಳನ್ನಾಗಿ ಮಾಡಿತ್ತು. 1962ರಲ್ಲಿ ಅದು ರದ್ದಾಯಿತು. ಅದಾಗಿ ಎರಡು ದಶಕಗಳ ಬಳಿಕ ಒಬ್ಬಾಕೆ, ಗಾದೆ ಹೀಗಳೆದ, ಕುಪೆ ಕೊಂದ ಪ್ರಾಣಿಯನ್ನೇ ಕುಟುಂಬದ ಆರೋಗ್ಯದ ಚಿತ್ರವಾಗಿ ಮುಂದಿಟ್ಟಳು. ಇದು ಸಾಹಿತ್ಯಕವಾಗಿಯೂ ದಿಟ್ಟ ನಡೆ. ನನ್ನ ಅಳತೆಗೋಲಿಗೆ ಇದು ತೊಡಕು ತರುತ್ತದೆಂಬುದೂ ನಿಜ, ಏಕೆಂದರೆ ಇಲ್ಲಿ ಕಡಲಿಲ್ಲ, ಗಾಳವಿಲ್ಲ. ಆದರೆ ಪೇರೆ ಬೆಳೆದದ್ದು ವೈಕರೆಮೊವಾನಾ ಸರೋವರದ ಸೀಮೆಯಲ್ಲಿ, ಅಜ್ಜ ಅಜ್ಜಿಯರ ಮಡಿಲಲ್ಲಿ. ಹಿರಿಯರ ಉಸಿರು ಎಂಬ ಎಂಟನೆಯ ತೋಳು ಅವಳಿಗೆ ಪರಿಭಾಷೆಯಲ್ಲ, ಉಂಡದ್ದು. ಅವಳ ಬರಹ ಅಲ್ಲಿಂದ ಬಲ ಪಡೆಯುತ್ತದೆ. ಅದೇ ಚಿತ್ರ ತರಬೇತಿ ಶಿಬಿರದ ಹಾಳೆಯ ಮೇಲೆ ಎಂಟು ಬಾಣಗಳಾಗಿ ಮುದ್ರಣಗೊಂಡಾಗ ಆ ಬಲ ಸೋರಿಹೋಗುತ್ತದೆ.

ಕಥೆ, ಕಾವ್ಯಗಳ ಕಡೆ ತಿರುಗಿದರೆ ನಿರಾಸೆಯಾಗುತ್ತದೆ. ಕಡಲಪ್ರಾಣಿಗಳಲ್ಲಿ ಜಗತ್ತನ್ನು ಗೆದ್ದದ್ದು ತಿಮಿಂಗಿಲ: ವಿಟಿ ಇಹಿಮಾಯೆರಾನ 1987ರ ಕಾದಂಬರಿ, 2002ರ ಅದರ ಸಿನಿಮಾ. ರಾಬರ್ಟ್ ಸಲ್ಲಿವನ್ 1999ರ ‘ಸ್ಟಾರ್ ವಾಕಾ’ ಸಂಕಲನಕ್ಕೆ ಪ್ರತಿ ಕವಿತೆಯಲ್ಲೂ ನಕ್ಷತ್ರ, ದೋಣಿ ಇಲ್ಲವೇ ಕಡಲು ಇರಬೇಕೆಂಬ ಕಟ್ಟುಪಾಡು ಹಾಕಿಕೊಂಡ. ಆಧುನಿಕ ಪಾಲಿನೇಷ್ಯಾದ ಕಾವ್ಯದ ಒಲವು ಯಾವ ಕಡೆಗೆಂದು ಅದು ತೋರಿಸುತ್ತದೆ. ಕುಪೆಯ ಆಕ್ಟೋಪಸ್ ಹೆಚ್ಚಾಗಿ ಮಕ್ಕಳ ಚಿತ್ರಪುಸ್ತಕಗಳ ಪಾಲಾಗಿದೆ, ಅಲ್ಲಿ ಅದು ಮತ್ತೊಮ್ಮೆ ಸೋಲಲೆಂದೇ ಬರುತ್ತದೆ. ಮುತುರಂಗಿಯ ಪ್ರಶ್ನೆಯನ್ನು ಎತ್ತಿಕೊಂಡು ಬೆಳೆಸಿದ ದೊಡ್ಡ ಕೃತಿಯನ್ನು ನಾನು ಓದಿಲ್ಲ. ಅವನೇಕೆ ಅದನ್ನು ಸಾಕಿದ? ಕದಿಯಬೇಡವೆಂದು ಅದಕ್ಕೆ ಏಕೆ ಹೇಳಲಿಲ್ಲ? ಕುಪೆ ಹೊರಟುಹೋದ ಮೇಲೆ ಹವಾಯಿಕಿಯ ದಡದಲ್ಲಿ ಅವನೇನು ಮಾಡಿದ? ಒಂದು ಕಾದಂಬರಿ ತುಂಬುವಷ್ಟು ಸಾಮಗ್ರಿ ಅಲ್ಲಿ ಬಿದ್ದಿದೆ.

ಇನ್ನೂ ದೊಡ್ಡ ಬಿಟ್ಟಜಾಗ ಬೇರೆಯಿದೆ. ಕಥೆಗಳಲ್ಲಿ ಆಕ್ಟೋಪಸ್ಸಿನೊಡನೆ ಸೆಣಸುವವರು ಬಹುಪಾಲು ಗಂಡಸರು, ದೋಣಿಯಲ್ಲಿ, ಆಯುಧ ಹಿಡಿದು. ದಿಟದ ಬದುಕಿನಲ್ಲಿ ಇಳಿತದ ಹೊತ್ತಿನಲ್ಲಿ ಹವಳದಿಬ್ಬದ ಮೇಲೆ ನಡೆದು, ಬಿಲದ ಬಾಯಲ್ಲಿ ಪೇರಿಸಿಟ್ಟ ಕಲ್ಲು ಚಿಪ್ಪುಗಳ ಗುರುತು ಹಿಡಿದು, ಕಡ್ಡಿ ತೂರಿಸಿ ಆಕ್ಟೋಪಸ್ಸನ್ನು ಹೊರಗೆಳೆಯುವವರಲ್ಲಿ ಹೆಂಗಸರು ಬಹಳ. ಸಮೋವಾ, ಟೋಂಗಾ, ಕುಕ್ ದ್ವೀಪ ಎಲ್ಲೆಡೆಯೂ ಇದು ಅವರ ದಿನದ ಕೆಲಸ. ಟರ್ನರ್, ಗಿಲ್, ಸ್ಮಿತ್ ಕಥೆ ಕೇಳಿದ್ದು ಮುಖ್ಯರನ್ನು, ಪುರೋಹಿತರನ್ನು. ಗಮನಿಸಬೇಕಾದ್ದೆಂದರೆ, ಆಕ್ಟೋಪಸ್ಸನ್ನು ಕಡಿದು ಹಾಕಬೇಕಾದ ರಾಕ್ಷಸನೆಂದಷ್ಟೇ ನೋಡದೆ ಲೋಕದ ಕಟ್ಟು, ದೇವರ ಒಡಲು, ಕುಟುಂಬ ಎಂದು ಕಾಣಿಸುವ ಪಠ್ಯಗಳು ನಮಗೆ ದೊರೆತಿರುವುದು ಹೆಚ್ಚಾಗಿ ಹೆಂಗಸರ ಲೇಖನಿಯಿಂದ: ಹೆನ್ರಿ, ಲಿಲಿಉಓಕಲಾನಿ, ಬೆಕ್‌ವಿತ್, ಪೇರೆ. ನಾಲ್ಕು ಹೆಸರಿನಿಂದ ನಿಯಮ ಹೊರಡಿಸಲಾರೆ. ಆದರೆ ಹವಳದಿಬ್ಬದ ಮೇಲೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಮುಂಗೈಗೆ ಸುತ್ತಿಕೊಂಡ ತೋಳನ್ನು ಬಿಡಿಸುತ್ತ ಆಕೆ ಪಕ್ಕದವಳಿಗೆ ಏನು ಹೇಳುತ್ತಾಳೆ ಎಂಬುದನ್ನು ಮುಂದಿನ ಸಂಗ್ರಾಹಕರು ಮೊದಲು ಬರೆದುಕೊಳ್ಳಬೇಕು. ಕುಪೆಯ ಕಥೆಯ ಎರೆ ಕಳ್ಳತನದ ಭಾಗವನ್ನು ಮೊದಲು ಹೇಳಿದವರು ಅಂಥವರೇ ಇದ್ದಿರಬಹುದು.